ಲಿಥಿಯಂ ಬ್ಯಾಟರಿಯ ಕಪ್ಪು ಪುಡಿ: ನ್ಯಾನೊ ಸ್ಫಟಿಕದ ಕ್ಯಾಥೋಡನ್ನು ಮಾಡುವ ಮತ್ತು ಅಳೆಯುವ ಬಗೆ

2022ರ ಬೇಸಿಗೆಯಲ್ಲಿ ದೇಶದ ಹಲವೆಡೆ ವಿದ್ಯುತ್ ಚಾಲಿತ ಸ್ಕೂಟರುಗಳು ಹೊತ್ತಿ ಉರಿದವು. ಕೇಂದ್ರ ಸರ್ಕಾರ ತನಿಖೆ ನಡೆಸಿ, ಎಐಎಸ್-156 ಎಂಬ ಸುರಕ್ಷತಾ ಮಾನದಂಡವನ್ನು ಬಿಗಿಗೊಳಿಸಿತು. ಅದರ ಮೊದಲ ಹಂತ 2022ರ ಡಿಸೆಂಬರ್ 1ರಿಂದಲೂ ಎರಡನೆಯ ಹಂತ 2023ರ ಮಾರ್ಚ್ 31ರಿಂದಲೂ ಜಾರಿಗೆ ಬಂದವು. ಅಂದಿನಿಂದ ವಾಹನ ಮಳಿಗೆಗೆ ಹೋಗುವ ಗ್ರಾಹಕರು ಮೈಲೇಜಿನ ಜೊತೆಗೆ ಇನ್ನೊಂದು ಪ್ರಶ್ನೆಯನ್ನೂ ಕೇಳತೊಡಗಿದ್ದಾರೆ: 'ಬ್ಯಾಟರಿ ಎಲ್‌ಎಫ್‌ಪಿಯೋ, ಎನ್‌ಎಂಸಿಯೋ?'

ಈ ಎರಡೂ ಸಂಕ್ಷಿಪ್ತ ಪದಗಳು ಬ್ಯಾಟರಿಯೊಳಗಿನ ಒಂದು ಕಪ್ಪು ಪುಡಿಯ ಹೆಸರುಗಳು. ಕೋಶದ ಅತಿ ದುಬಾರಿ ಘಟಕವೂ ಸಾಮಾನ್ಯವಾಗಿ ಅದೇ. ಕೋಶ ಎಷ್ಟು ವಿದ್ಯುತ್ತನ್ನು ಹಿಡಿದೀತು, ಎಷ್ಟು ಬೇಗ ತುಂಬೀತು, ಬಿಸಿಯಾದಾಗ ಹೇಗೆ ವರ್ತಿಸೀತು ಎಂಬುದನ್ನು ಬಹುಮಟ್ಟಿಗೆ ಈ ಪುಡಿಯೇ ನಿರ್ಧರಿಸುತ್ತದೆ. ಅದನ್ನು ಕ್ಯಾಥೋಡ್ ವಸ್ತು ಎನ್ನುತ್ತಾರೆ. ಅದರ ಕಣಗಳನ್ನು ಮೀಟರಿನ ನೂರು ಕೋಟಿಯ ಒಂದು ಭಾಗದ ಲೆಕ್ಕದಲ್ಲಿ, ಅಂದರೆ ನ್ಯಾನೊಮೀಟರಿನಲ್ಲಿ ಅಳೆಯುವಷ್ಟು ಕಿರಿದಾಗಿಸಿದರೆ ಏನಾಗುತ್ತದೆ, ಹಾಗೆ ಕಿರಿದಾಗಿಸುವುದು ಹೇಗೆ, ಮಾಡಿದ ಪುಡಿ ನಿಜಕ್ಕೂ ಒಳ್ಳೆಯದೇ ಎಂದು ಪರೀಕ್ಷಿಸುವುದು ಹೇಗೆ ಎಂಬುದು ಈ ಲೇಖನದ ವಿಷಯ.

ಮೊದಲಿಗೆ ಪದದ ಗೊಂದಲವೊಂದನ್ನು ಬಗೆಹರಿಸಿಕೊಳ್ಳಬೇಕು. ನಮ್ಮ ಶಾಲಾ ಪಠ್ಯಗಳಲ್ಲಿ ಕ್ಯಾಥೋಡ್ ಎಂದರೆ ಋಣಾಗ್ರ. ವಿದ್ಯುದ್ವಿಭಜನೆಯ ಪಾಠಕ್ಕೆ ಅದು ಸರಿ. ಆದರೆ ಬ್ಯಾಟರಿ ವಿದ್ಯುತ್ತನ್ನು ನೀಡುತ್ತಿರುವಾಗ ಕ್ಯಾಥೋಡ್ ಅದರ ಧನ ತುದಿ. ಚಾರ್ಜ್ ಮಾಡುವಾಗ ರಾಸಾಯನಿಕವಾಗಿ ಈ ಹೆಸರುಗಳು ಅದಲುಬದಲಾಗಬೇಕಾದರೂ ಬ್ಯಾಟರಿ ತಜ್ಞರು ಆ ಗೋಜಿಗೆ ಹೋಗದೆ ಧನ ತುದಿಯನ್ನು ಯಾವಾಗಲೂ ಕ್ಯಾಥೋಡ್ ಎಂದೇ ಕರೆಯುತ್ತಾರೆ. ಇಲ್ಲಿಯೂ ಅದೇ ರೂಢಿಯನ್ನು ಅನುಸರಿಸಲಾಗಿದೆ.

ಮೂರು ಪುಡಿಗಳ ವಂಶಾವಳಿ

ಲಿಥಿಯಂ ಅಯಾನ್ ಬ್ಯಾಟರಿ ಕೆಲಸ ಮಾಡುವ ತತ್ತ್ವ ಸರಳ. ಚಾರ್ಜ್ ಮಾಡಿದಾಗ ಲಿಥಿಯಂ ಅಯಾನುಗಳು ಕ್ಯಾಥೋಡಿನ ಸ್ಫಟಿಕದಿಂದ ಹೊರಬಿದ್ದು, ದ್ರವವನ್ನು ದಾಟಿ, ಎದುರಿನ ಗ್ರಾಫೈಟಿನ ಪದರಗಳ ನಡುವೆ ಸೇರಿಕೊಳ್ಳುತ್ತವೆ. ಬ್ಯಾಟರಿಯನ್ನು ಬಳಸಿದಾಗ ಮರಳಿ ಬರುತ್ತವೆ. ಎಲೆಕ್ಟ್ರಾನುಗಳು ಮಾತ್ರ ಹೊರಗಿನ ತಂತಿಯ ಮೂಲಕ ಸುತ್ತಿ ಬರಬೇಕು. ಆ ಸುತ್ತಾಟದಿಂದಲೇ ನಮ್ಮ ಫೋನು, ಸ್ಕೂಟರು ನಡೆಯುವುದು. ಹೀಗಾಗಿ ಕ್ಯಾಥೋಡಿನ ಸ್ಫಟಿಕವು ಅಯಾನು ಮತ್ತು ಎಲೆಕ್ಟ್ರಾನು ಎರಡಕ್ಕೂ ದಾರಿ ಬಿಡಬೇಕು. ಸಾವಿರಾರು ಬಾರಿ ಅವು ಹೋಗಿ ಬಂದರೂ ಕುಸಿಯಬಾರದು.

ಜಾನ್ ಗುಡ್‌ಇನಫ್ ಮತ್ತು ಸಂಗಡಿಗರು ಇಂಗ್ಲೆಂಡಿನ ಆಕ್ಸ್‌ಫರ್ಡಿನಲ್ಲಿ 1980ರಲ್ಲಿ ಲಿಥಿಯಂ ಕೋಬಾಲ್ಟ್ ಆಕ್ಸೈಡನ್ನು ಮುಂದಿಟ್ಟರು. 1991ರಲ್ಲಿ ಸೋನಿ ಕಂಪನಿ ಮಾರುಕಟ್ಟೆಗೆ ತಂದ ಮೊದಲ ಲಿಥಿಯಂ ಅಯಾನ್ ಬ್ಯಾಟರಿಯಲ್ಲಿದ್ದುದು ಇದೇ ಪುಡಿ. ಕೋಬಾಲ್ಟ್ ದುಬಾರಿ, ವಿಷಕಾರಿ. 1983ರ ಹೊತ್ತಿಗೆ ಮೈಕೇಲ್ ಥ್ಯಾಕರೆ ಅದೇ ಗುಂಪಿನೊಡನೆ ಅಗ್ಗದ ಲಿಥಿಯಂ ಮ್ಯಾಂಗನೀಸ್ ಆಕ್ಸೈಡನ್ನು ತೋರಿಸಿದರು. ಮೂರನೆಯದು ಬಂದದ್ದು ಅಮೆರಿಕದ ಟೆಕ್ಸಾಸ್ ವಿಶ್ವವಿದ್ಯಾಲಯದಿಂದ, 1997ರಲ್ಲಿ. ಅದೇ ಲಿಥಿಯಂ ಐರನ್ ಫಾಸ್ಫೇಟ್, ಇಂದು ಎಲ್‌ಎಫ್‌ಪಿ ಎಂದು ಕರೆಸಿಕೊಳ್ಳುವ ವಸ್ತು. ಆ ಪ್ರಬಂಧದ ಕರ್ತೃಗಳು ಮೂವರು: ಎ.ಕೆ. ಪಾಢಿ, ಕೆ.ಎಸ್. ನಂಜುಂಡಸ್ವಾಮಿ ಮತ್ತು ಗುಡ್‌ಇನಫ್. ಕಬ್ಬಿಣ, ರಂಜಕ, ಆಮ್ಲಜನಕ, ಒಂದಿಷ್ಟು ಲಿಥಿಯಂ. ಇಷ್ಟರಲ್ಲೇ ಮುಗಿಯುವ ಅಗ್ಗದ ಪದಾರ್ಥ. ರಂಜಕವು ಆಮ್ಲಜನಕವನ್ನು ಗಟ್ಟಿಯಾಗಿ ಹಿಡಿದಿಟ್ಟುಕೊಳ್ಳುವುದರಿಂದ, ಬಿಸಿಯಾದಾಗ ಕೋಬಾಲ್ಟ್ ಆಕ್ಸೈಡಿನಂತೆ ಆಮ್ಲಜನಕವನ್ನು ಸುಲಭವಾಗಿ ಬಿಟ್ಟುಕೊಟ್ಟು ಬೆಂಕಿಗೆ ಪುಷ್ಟಿ ಕೊಡುವುದಿಲ್ಲ.

ಆದರೂ ಅದನ್ನು ಕಂಡುಹಿಡಿದವರೇ 'ಕಡಿಮೆ ಶಕ್ತಿಯ ಬ್ಯಾಟರಿಗಳಿಗೆ ತಕ್ಕುದು' ಎಂದು ಬರೆದರು. ಏಕೆಂದರೆ ಆ ಪುಡಿಯ ಸೂತ್ರದಲ್ಲಿರುವ ಲಿಥಿಯಮ್ಮಿನಲ್ಲಿ ಹತ್ತರಲ್ಲಿ ಆರು ಪಾಲು ಮಾತ್ರ ಹೊರಬಂದು ಮರಳುತ್ತಿತ್ತು, ಅದೂ ತೀರಾ ನಿಧಾನವಾಗಿ. ಅಂತಹ ಮಂದ ಪುಡಿ ಇಂದು ಬಸ್ಸು, ಕಾರುಗಳನ್ನು ಓಡಿಸುತ್ತಿದೆ. ನಡುವೆ ಏನಾಯಿತು ಎಂಬುದೇ ಈ ಕಥೆಯ ತಿರುಳು.

ದಾರಿ ಗಿಡ್ಡವಾದರೆ

ಎಲ್‌ಎಫ್‌ಪಿಗೆ ಎರಡು ಹುಟ್ಟು ದೋಷಗಳಿವೆ. ಒಂದು, ಅದು ಎಲೆಕ್ಟ್ರಾನನ್ನು ಬಹುತೇಕ ಸಾಗಿಸುವುದೇ ಇಲ್ಲ. ಅದನ್ನು ವಿದ್ಯುತ್ ವಾಹಕ ಎನ್ನುವುದಕ್ಕಿಂತ ನಿರೋಧಕ ಎನ್ನುವುದೇ ಲೇಸು. ಇನ್ನೊಂದು, ಅದರ ಸ್ಫಟಿಕದಲ್ಲಿ ಲಿಥಿಯಂ ಅಯಾನು ಒಂದೇ ದಿಕ್ಕಿನ ಸುರಂಗಗಳಲ್ಲಿ ಚಲಿಸುತ್ತದೆ. ಬೆಂಗಳೂರಿನ ಚಿಕ್ಕಪೇಟೆಯ ಇಕ್ಕಟ್ಟಾದ ಓಣಿಯಲ್ಲಿ ಒಂದು ತಳ್ಳುಗಾಡಿ ಅಡ್ಡ ನಿಂತರೆ ಹಿಂದಿನವರೆಲ್ಲ ನಿಲ್ಲಬೇಕಷ್ಟೆ. ಇಲ್ಲಿಯೂ ತನ್ನ ಸ್ಥಾನ ತಪ್ಪಿದ ಒಂದು ಕಬ್ಬಿಣದ ಅಯಾನು ಲಿಥಿಯಮ್ಮಿನ ಸುರಂಗದಲ್ಲಿ ಕುಳಿತರೆ ಆ ಸುರಂಗವೇ ಮುಚ್ಚಿದಂತೆ. ಓಣಿ ಉದ್ದವಾದಷ್ಟೂ ಅಂತಹ ತಡೆಗಳು ಹೆಚ್ಚು.

ಓಣಿಯನ್ನು ಗಿಡ್ಡವಾಗಿಸುವುದೇ ಉಪಾಯ. ವಿಸರಣೆಗೆ ಬೇಕಾಗುವ ಕಾಲವು ದೂರದ ವರ್ಗಕ್ಕೆ ಅನುಗುಣವಾಗಿರುತ್ತದೆ. ಕಣದ ಗಾತ್ರ ಹತ್ತನೆಯ ಒಂದು ಪಾಲಾದರೆ ಕಾಲ ನೂರನೆಯ ಒಂದು ಪಾಲಾಗುತ್ತದೆ. ಒಂದು ಮೈಕ್ರಾನ್ ದೂರ ಸಾಗಲು ಹನ್ನೊಂದು ದಿನ ಬೇಕಾಗುವಷ್ಟು ನಿಧಾನವಾಗಿ ಅಯಾನು ಚಲಿಸುತ್ತದೆ ಎಂದು ಭಾವಿಸಿ. ಕಣವನ್ನು ನೂರು ನ್ಯಾನೊಮೀಟರಿಗೆ ಇಳಿಸಿದರೆ ಅದೇ ಪಯಣ ಮೂರು ಗಂಟೆಯೊಳಗೆ ಮುಗಿಯುತ್ತದೆ. ವಸ್ತು ಬದಲಾಗಿಲ್ಲ, ಗಾತ್ರವಷ್ಟೇ ಬದಲಾಗಿದೆ.

ಎಲೆಕ್ಟ್ರಾನಿನ ಸಮಸ್ಯೆಗೆ ಮೈಕೆಲ್ ಅರ್ಮಾಂ ಮತ್ತು ನತಾಲಿ ರಾವೆ ಮೊದಲಾದವರ ತಂಡ 1999ರಲ್ಲಿ ಪರಿಹಾರ ತೋರಿಸಿತು. ಪ್ರತಿ ಕಣಕ್ಕೂ ಕೆಲವೇ ನ್ಯಾನೊಮೀಟರ್ ದಪ್ಪದ ಇಂಗಾಲದ ಅಂಗಿ ತೊಡಿಸುವುದು ಆ ಉಪಾಯ. ಪುಡಿಯ ಜೊತೆಗೆ ಸಕ್ಕರೆಯಂತಹ ಸಾವಯವ ವಸ್ತುವನ್ನು ಬೆರೆಸಿ, ಗಾಳಿಯಿಲ್ಲದ ಕುಲುಮೆಯಲ್ಲಿ ಕಾಯಿಸಿದರೆ ಅದು ಸೀದು ಕಣದ ಮೇಲೆ ಇಂಗಾಲವಾಗಿ ಕೂರುತ್ತದೆ. ಇದರಿಂದ ಮತ್ತೊಂದು ಲಾಭವೂ ಇದೆ. ಕಾಯಿಸುವಾಗ ಕಣಗಳು ಒಂದಕ್ಕೊಂದು ಅಂಟಿ ಬೆಳೆಯುವುದನ್ನು ಈ ಅಂಗಿ ತಡೆಯುತ್ತದೆ. 2001ರಲ್ಲಿ ಜಪಾನಿನ ಅತ್ಸುವೊ ಯಮಾದ ಮತ್ತು ಸಂಗಡಿಗರು ಕಡಿಮೆ ಉಷ್ಣತೆಯಲ್ಲಿ ಬೇಯಿಸಿ ಕಣಗಳ ಬೆಳವಣಿಗೆಯನ್ನು ತಡೆದರೆ ಸೈದ್ಧಾಂತಿಕ ಸಾಮರ್ಥ್ಯದ ಶೇ. 95ರ ಹತ್ತಿರ ತಲುಪಬಹುದೆಂದು ತೋರಿಸಿದರು. 2006ರಲ್ಲಿ ಫ್ರಾನ್ಸಿನ ತಂಡವೊಂದು ಇಂಗಾಲದ ಅಂಗಿಯೇ ಇಲ್ಲದ, ಸರಾಸರಿ 140 ನ್ಯಾನೊಮೀಟರ್ ಗಾತ್ರದ ಕಣಗಳೂ ಚುರುಕಾಗಿ ಕೆಲಸ ಮಾಡುತ್ತವೆ ಎಂದಿತು. ಗಾತ್ರದ ಮಹತ್ವಕ್ಕೆ ಇದಕ್ಕಿಂತ ನೇರವಾದ ಸಾಕ್ಷಿ ಬೇಕಿಲ್ಲ.

ಮಾಡುವ ಬಗೆ

ನ್ಯಾನೊ ಪುಡಿಯನ್ನು ಮಾಡಲು ದಾರಿಗಳು ಹಲವು. ಎಲ್ಲಕ್ಕಿಂತ ಹಳೆಯದು ಘನಸ್ಥಿತಿಯ ದಾರಿ. ಲಿಥಿಯಂ ಕಾರ್ಬೊನೇಟ್, ಐರನ್ ಆಕ್ಸಲೇಟ್, ಅಮೋನಿಯಂ ಫಾಸ್ಫೇಟುಗಳನ್ನು ಲೆಕ್ಕದಂತೆ ತೂಗಿ, ಗುಂಡುಗಳು ಉರುಳುವ ಗಿರಣಿಯಲ್ಲಿ ಗಂಟೆಗಟ್ಟಲೆ ಅರೆದು, ಆರ್ಗಾನ್ ಅಥವಾ ನೈಟ್ರೋಜನ್ ಹರಿಯುವ ಕುಲುಮೆಯಲ್ಲಿ ಮೊದಲು ಮುನ್ನೂರು ಡಿಗ್ರಿ ಸೆಲ್ಸಿಯಸ್ ಆಸುಪಾಸು, ಆಮೇಲೆ ಏಳುನೂರು ಡಿಗ್ರಿ ಆಸುಪಾಸು ಕಾಯಿಸುತ್ತಾರೆ. ಗಾಳಿ ಸೋಂಕಿದರೆ ಕಬ್ಬಿಣ ತುಕ್ಕಿನ ಸ್ಥಿತಿಗೆ ಹೋಗುತ್ತದೆ. ಆಗ ದೊರೆಯುವ ಪುಡಿ ಬೇರೆಯದೇ. ಉಷ್ಣತೆ ಕಡಿಮೆಯಾದರೆ ಸ್ಫಟಿಕ ಕಟ್ಟುವುದಿಲ್ಲ, ಹೆಚ್ಚಾದರೆ ಕಣ ದಪ್ಪವಾಗುತ್ತದೆ. ಪಾಕದ ಹದ ತಪ್ಪಿದ ಹೋಳಿಗೆ ಹೂರಣದ ಪಾಡು ಬಲ್ಲವರಿಗೆ ಈ ಕಷ್ಟವನ್ನು ಬಿಡಿಸಿ ಹೇಳಬೇಕಿಲ್ಲ.

ಎರಡನೆಯದು ಒತ್ತಡದ ಪಾತ್ರೆಯಲ್ಲಿ ನೀರಿನೊಳಗೇ ಬೇಯಿಸುವ ದಾರಿ. ಸ್ಟ್ಯಾನ್ಲಿ ವಿಟಿಂಗ್‌ಹ್ಯಾಮ್ ತಂಡವು 2001ರಲ್ಲಿ ಬರೀ 120 ಡಿಗ್ರಿ ಸೆಲ್ಸಿಯಸ್‌ನಲ್ಲಿ, ಕೆಲವೇ ಗಂಟೆಗಳಲ್ಲಿ ಎಲ್‌ಎಫ್‌ಪಿಯನ್ನು ಹೀಗೆ ಮಾಡಿತು. ಅದೊಂದು ಪ್ರೆಶರ್ ಕುಕ್ಕರ್ ವಿಧಾನವೆಂದರೂ ಸಲ್ಲುತ್ತದೆ. ಆದರೆ ಇಷ್ಟು ಕಡಿಮೆ ಬಿಸಿಯಲ್ಲಿ ಹುಟ್ಟಿದ ಸ್ಫಟಿಕದಲ್ಲಿ ಕಬ್ಬಿಣದ ಕೆಲವು ಅಯಾನುಗಳು ಲಿಥಿಯಮ್ಮಿನ ಓಣಿಯಲ್ಲಿ ಕುಳಿತುಬಿಡುವುದು ಬಳಿಕ ತಿಳಿದುಬಂತು. ಕಣ ಕಿರಿದು ಎಂಬ ಒಂದೇ ಕಾರಣಕ್ಕೆ ಪುಡಿ ಒಳ್ಳೆಯದಾಗುವುದಿಲ್ಲ ಎಂಬ ಪಾಠ ಇಲ್ಲಿಯೇ ಆರಂಭ.

ಮೂರನೆಯ ದಾರಿ ಬೆಂಗಳೂರಿಗೆ ಹತ್ತಿರದ್ದು. ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ಕೆ.ಸಿ. ಪಾಟೀಲ ಮತ್ತು ಜೆ.ಜೆ. ಕಿಂಗ್ಸ್‌ಲಿ 1988ರಲ್ಲಿ ಪ್ರಕಟಿಸಿದ 'ದ್ರಾವಣ ದಹನ' ವಿಧಾನ ಇಂದು ಜಗತ್ತಿನ ಅನೇಕ ಪ್ರಯೋಗಾಲಯಗಳಲ್ಲಿ ಬಳಕೆಯಲ್ಲಿದೆ. ಅವರು ಮೊದಲಿಗೆ ಮಾಡಿದ್ದು ಅಲ್ಯುಮಿನಾ ಪುಡಿಯನ್ನು. ಲೋಹದ ನೈಟ್ರೇಟನ್ನೂ ಯೂರಿಯಾವನ್ನೂ ನೀರಿನಲ್ಲಿ ಕರಗಿಸಿ, 500 ಡಿಗ್ರಿ ಸೆಲ್ಸಿಯಸ್ ಇರುವ ಕುಲುಮೆಯಲ್ಲಿ ಇಟ್ಟರೆ ದ್ರಾವಣ ಕುದಿದು, ನೊರೆಯುಕ್ಕಿ, ತಾನಾಗಿಯೇ ಹೊತ್ತಿಕೊಳ್ಳುತ್ತದೆ. ಐದು ನಿಮಿಷದೊಳಗೆ ಎಲ್ಲ ಮುಗಿದು ಪಾತ್ರೆಯ ತುಂಬ ಹಗುರವಾದ ಪುಡಿ ಉಳಿಯುತ್ತದೆ. ಕುಲುಮೆ ಕೊಡುವ ಬಿಸಿಗಿಂತ ಹೆಚ್ಚಿನ ಬಿಸಿಯನ್ನು ದ್ರಾವಣವೇ ಹುಟ್ಟಿಸಿಕೊಳ್ಳುತ್ತದೆ. ಆದರೆ ಕ್ಷಣಕಾಲ ಮಾತ್ರ. ಆದ್ದರಿಂದ ಸ್ಫಟಿಕಕ್ಕೆ ಹುಟ್ಟಲು ಸಮಯವುಂಟು, ಬೆಳೆಯಲು ಇಲ್ಲ.

ಇದರ ಹಿಂದಿರುವ ಲೆಕ್ಕ ರಾಕೆಟ್ ಇಂಧನದಿಂದ ಬಂದದ್ದು. ಉರಿಸುವ ವಸ್ತು ಮತ್ತು ಉರಿಯುವ ವಸ್ತುಗಳನ್ನು ಸರಿದೂಗಿಸುವ ಈ ಸರಳ ಕ್ರಮವನ್ನು ಅದೇ ಸಂಸ್ಥೆಯ ಎಸ್.ಆರ್. ಜೈನ್ ಮೊದಲಾದವರು 1981ರಲ್ಲಿ ಪ್ರಕಟಿಸಿದ್ದರು. ಇಂಗಾಲಕ್ಕೆ 4, ಜಲಜನಕಕ್ಕೆ 1, ಆಮ್ಲಜನಕಕ್ಕೆ ಋಣ 2, ಸಾರಜನಕಕ್ಕೆ ಸೊನ್ನೆ ಎಂದಿಟ್ಟುಕೊಂಡರೆ ಯೂರಿಯಾದ ಒಟ್ಟು ಬೆಲೆ ಧನ 6 ಆಗುತ್ತದೆ. ಲಿಥಿಯಂ ನೈಟ್ರೇಟಿನದು ಋಣ 5. ಮ್ಯಾಂಗನೀಸಿಗೆ 2 ಎಂದಿಟ್ಟರೆ ಅದರ ನೈಟ್ರೇಟಿನದು ಋಣ 10. ಲಿಥಿಯಂ ಮ್ಯಾಂಗನೀಸ್ ಆಕ್ಸೈಡಿಗೆ ಒಂದು ಪಾಲು ಲಿಥಿಯಂ, ಎರಡು ಪಾಲು ಮ್ಯಾಂಗನೀಸ್ ಬೇಕು. ಒಟ್ಟು ಋಣ 25. ಅದನ್ನು ಸರಿದೂಗಿಸಲು 25ನ್ನು 6ರಿಂದ ಭಾಗಿಸಿದಷ್ಟು, ಅಂದರೆ ಸುಮಾರು 4.2 ಪಾಲು ಯೂರಿಯಾ ಹಾಕಬೇಕು. ಯೂರಿಯಾ ಬದಲು ಗ್ಲೈಸಿನ್ ಬಳಸಿದರೆ ಅದರ ಬೆಲೆ 9 ಆದ್ದರಿಂದ ಸುಮಾರು 2.8 ಪಾಲು ಸಾಕು. ಪಿಯುಸಿ ವಿದ್ಯಾರ್ಥಿಯೂ ಮಾಡಬಹುದಾದ ಲೆಕ್ಕ. ಬೆಂಕಿಯ ತೀವ್ರತೆಯನ್ನು, ಅದರ ಮೂಲಕ ಕಣದ ಗಾತ್ರವನ್ನು, ಇಂಧನದ ಪ್ರಮಾಣದಿಂದಲೇ ತಿದ್ದಬಹುದು. ಲೆಕ್ಕ ಸುಲಭವೆಂದು ಮನೆಯಲ್ಲಿ ಪ್ರಯತ್ನಿಸುವಂತಿಲ್ಲ. ಈ ಮಿಶ್ರಣಗಳು ಸಿಡಿಯಬಲ್ಲವು, ಹೊರಬೀಳುವ ಹೊಗೆಯೂ ಅಪಾಯಕಾರಿ.

ಕೋಬಾಲ್ಟ್, ಮ್ಯಾಂಗನೀಸ್ ಆಕ್ಸೈಡುಗಳಿಗೆ ಈ ದಾರಿ ಹೇಳಿ ಮಾಡಿಸಿದಂತಿದೆ. ಎಲ್‌ಎಫ್‌ಪಿಗೆ ಹಾಗಲ್ಲ. ಬಯಲಲ್ಲಿ ಹೊತ್ತಿಸಿದರೆ ಕಬ್ಬಿಣ ಕೆಡುತ್ತದೆ. ಜಡಾನಿಲದಲ್ಲಿ ಮತ್ತೆ ಕಾಯಿಸಿ ಸರಿಪಡಿಸಬೇಕು.

ಮಂಡಕ್ಕಿಯ ತೊಡಕು

ದಹನದಿಂದ ಬಂದ ಪುಡಿ ಕೈಗೆ ಹತ್ತಿಯಂತೆ ಹಗುರ. ಉರಿಯುವಾಗ ಹೊರಟ ಅನಿಲಗಳು ಅದನ್ನು ಅರಳಿಸಿರುತ್ತವೆ. ಪ್ರಬಂಧದಲ್ಲಿ ಇದು ಗುಣ, ಕಾರ್ಖಾನೆಯಲ್ಲಿ ದೋಷ. ಒಂದು ಸೇರು ಅಕ್ಕಿಯನ್ನು ಮಂಡಕ್ಕಿ ಮಾಡಿದರೆ ತೂಕ ಹೆಚ್ಚುವುದಿಲ್ಲ, ಚೀಲ ಮಾತ್ರ ದೊಡ್ಡದು ಬೇಕು. ಬ್ಯಾಟರಿಯ ಡಬ್ಬಿಯ ಗಾತ್ರವೋ ನಿಗದಿಯಾದದ್ದು. ಎಲ್‌ಎಫ್‌ಪಿಯ ಸ್ಫಟಿಕ ಮೊದಲೇ ಹಗುರ: ಒಂದು ಘನ ಸೆಂಟಿಮೀಟರಿಗೆ ಸುಮಾರು 3.6 ಗ್ರಾಂ. ಕೋಬಾಲ್ಟ್ ಆಕ್ಸೈಡಿನದು ಸುಮಾರು 5.1. ಅದನ್ನು ಮತ್ತೆ ಅರಳಿಸಿ, ಇಂಗಾಲವನ್ನೂ ಬೆರೆಸಿದರೆ ಡಬ್ಬಿಯಲ್ಲಿ ಹಿಡಿಸುವ ವಿದ್ಯುತ್ತು ಇನ್ನಷ್ಟು ಇಳಿಯುತ್ತದೆ. ಆದ್ದರಿಂದ ಕಾರ್ಖಾನೆಗಳು ನ್ಯಾನೊ ಕಣಗಳನ್ನು ಮತ್ತೆ ಒಟ್ಟುಗೂಡಿಸಿ ಕೆಲವು ಮೈಕ್ರಾನಿನ ಉಂಡೆಗಳನ್ನಾಗಿ ಕಟ್ಟುತ್ತವೆ. ರವೆ ಉಂಡೆಯ ಹಾಗೆ: ರವೆಯ ಕಾಳು ಸಣ್ಣದೇ, ಕೈಗೆ ಬರುವುದು ಉಂಡೆ.

ಇನ್ನೊಂದು ಬೆಲೆಯನ್ನೂ ತೆರಬೇಕು. 5 ಮೈಕ್ರಾನಿನ ಕಣಗಳ ಒಂದು ಗ್ರಾಂ ಎಲ್‌ಎಫ್‌ಪಿಗೆ ಚದರ ಮೀಟರಿನ ಮೂರನೆಯ ಒಂದು ಪಾಲಿನಷ್ಟು ಮೇಲ್ಮೈ ಇದ್ದರೆ, 50 ನ್ಯಾನೊಮೀಟರಿನ ಕಣಗಳಾದಾಗ ಅದೇ ಒಂದು ಗ್ರಾಮಿಗೆ ಸುಮಾರು 33 ಚದರ ಮೀಟರ್ ಮೇಲ್ಮೈ ಬರುತ್ತದೆ. ನಗರದ ಲೆಕ್ಕದಲ್ಲಿ ಮುನ್ನೂರೈವತ್ತು ಚದರ ಅಡಿಯ ಒಂದು ಮನೆ. ಅಷ್ಟು ವಿಸ್ತಾರವಾದ ಮೈ ಸುತ್ತಲಿನ ದ್ರವದೊಡನೆ ಸಂಪರ್ಕಕ್ಕೆ ಬಂದರೆ ಬೇಡದ ರಾಸಾಯನಿಕ ಕ್ರಿಯೆಗಳೂ ಅಷ್ಟೇ ಹೆಚ್ಚು. ಎಲ್‌ಎಫ್‌ಪಿಯ ವೋಲ್ಟೇಜ್ 3.4ರ ಆಸುಪಾಸು ಇರುವುದರಿಂದ ಅದು ಇದನ್ನು ತಾಳಿಕೊಳ್ಳುತ್ತದೆ. ಮ್ಯಾಂಗನೀಸ್ ಆಕ್ಸೈಡ್ ಸುಮಾರು 4 ವೋಲ್ಟಿನದು. ಮೇಲಾಗಿ ಅದರ ಮ್ಯಾಂಗನೀಸ್ ಆಮ್ಲಾಂಶವಿರುವ ದ್ರವದಲ್ಲಿ ನಿಧಾನವಾಗಿ ಕರಗುತ್ತದೆ. ಮೇಲ್ಮೈ ಹೆಚ್ಚಿದಷ್ಟೂ ಕರಗುವುದು ಹೆಚ್ಚು. ಒಂದಕ್ಕೆ ಔಷಧವಾದ ನ್ಯಾನೊ ಇನ್ನೊಂದಕ್ಕೆ ಕಾಯಿಲೆಯಾಗುವುದು ಹೀಗೆ. 'ನ್ಯಾನೊ' ಎಂಬ ವಿಶೇಷಣವನ್ನು ಕಂಡ ಕೂಡಲೇ ಬೆಲೆ ಕಟ್ಟುವ ಜಾಹೀರಾತುಗಳ ಮುಂದೆ ಓದುಗರು ಕೇಳಬೇಕಾದ ಮೊದಲ ಪ್ರಶ್ನೆ: ಯಾವ ವಸ್ತುವಿನ ನ್ಯಾನೊ?

ಅಳೆಯುವ ಬಗೆ

ಪುಡಿ ಸಿದ್ಧವಾದ ಮೇಲೆ ಅದನ್ನು ಕ್ಷ-ಕಿರಣದ ಮುಂದೆ ಇಡುತ್ತಾರೆ. ಸ್ಫಟಿಕದ ಪದರಗಳಿಂದ ಚದುರಿದ ಕಿರಣಗಳು ಕೆಲವು ನಿರ್ದಿಷ್ಟ ಕೋನಗಳಲ್ಲಿ ಶಿಖರಗಳಾಗಿ ಕಾಣುತ್ತವೆ. ಶಿಖರಗಳ ಸ್ಥಾನ ನೋಡಿ ವಸ್ತು ಯಾವುದೆಂದು ಹೇಳಬಹುದು. ಅವುಗಳ ಅಗಲ ನೋಡಿ ಸ್ಫಟಿಕದ ಗಾತ್ರವನ್ನು ಅಂದಾಜು ಮಾಡಬಹುದು. ಸ್ಫಟಿಕ ಕಿರಿದಾದಷ್ಟೂ ಶಿಖರ ಅಗಲ. ಪೌಲ್ ಷೆರರ್ 1918ರಲ್ಲಿ ಕೊಟ್ಟ ಸೂತ್ರವೇ ಇಂದಿಗೂ ಆಧಾರ. ತಾಮ್ರದ ಕ್ಷ-ಕಿರಣ ಬಳಸಿದಾಗ ಎಲ್‌ಎಫ್‌ಪಿಯ 35.6 ಡಿಗ್ರಿಯ ಶಿಖರ 0.4 ಡಿಗ್ರಿ ಅಗಲವಿದ್ದರೆ ಸ್ಫಟಿಕ ಸುಮಾರು 21 ನ್ಯಾನೊಮೀಟರ್, 0.1 ಡಿಗ್ರಿ ಇದ್ದರೆ ಸುಮಾರು 84.

ಇಲ್ಲಿ ಜಾರುವವರು ಬಹಳ. ಯಂತ್ರವೇ ಶಿಖರಕ್ಕೆ ತನ್ನದೊಂದಿಷ್ಟು ಅಗಲವನ್ನು ಸೇರಿಸುತ್ತದೆ. ಅದನ್ನು ಕಳೆಯದೆ ಲೆಕ್ಕ ಹಾಕಿದರೆ ಪುಡಿ ಇರುವುದಕ್ಕಿಂತ ಕಿರಿದಾಗಿ ಕಾಣುತ್ತದೆ. ಸ್ಫಟಿಕದೊಳಗಿನ ಬಿಗುವೂ ಶಿಖರವನ್ನು ಅಗಲಿಸುತ್ತದೆ. ಎಲ್ಲಕ್ಕಿಂತ ಮುಖ್ಯವಾಗಿ, ಈ ಸೂತ್ರ ಅಳೆಯುವುದು ರವೆಯ ಕಾಳನ್ನು, ಉಂಡೆಯನ್ನಲ್ಲ. ಉಂಡೆ ನೋಡಲು ಎಲೆಕ್ಟ್ರಾನ್ ಸೂಕ್ಷ್ಮದರ್ಶಕವೇ ಬೇಕು. ಹಲವು ನ್ಯಾನೊ ಸ್ಫಟಿಕಗಳು ಸೇರಿ ಬೆಸೆದುಕೊಂಡ ದಪ್ಪ ಕಣವನ್ನು ಕ್ಷ-ಕಿರಣದ ಬಲದಿಂದ 'ನ್ಯಾನೊ ಕಣ' ಎಂದು ಕರೆದ ಬರಹಗಳಿಗೆ ಕೊರತೆಯಿಲ್ಲ.

ಬಳಿಕ ನಾಣ್ಯ ಕೋಶದ ಸರದಿ. ಪುಡಿಯನ್ನು ಇಂಗಾಲದ ಮಸಿಯೊಡನೆ, ಅಂಟಾಗಿ ಕೆಲಸ ಮಾಡುವ ಪಾಲಿಮರಿನೊಡನೆ ಕಲಸಿ ದೋಸೆ ಹಿಟ್ಟಿನ ಹದಕ್ಕೆ ತಂದು, ಅಲ್ಯುಮಿನಿಯಂ ಹಾಳೆಯ ಮೇಲೆ ತೆಳುವಾಗಿ ಬಳಿದು, ನಿರ್ವಾತದಲ್ಲಿ ಒಣಗಿಸಿ, ಒತ್ತಿ, ಸುಮಾರು 16 ಮಿಲಿಮೀಟರ್ ವ್ಯಾಸದ ಬಿಲ್ಲೆಗಳನ್ನಾಗಿ ಕತ್ತರಿಸುತ್ತಾರೆ. ಮುಂದಿನ ಕೆಲಸ ಆರ್ಗಾನ್ ತುಂಬಿದ ಗಾಜಿನ ಪೆಟ್ಟಿಗೆಯೊಳಗೆ, ರಬ್ಬರಿನ ಕೈಗವಸಿನಲ್ಲಿ ಕೈ ತೂರಿಸಿಕೊಂಡು. ಅಲ್ಲಿ ನೀರಿನ ಅಂಶ ಹತ್ತು ಲಕ್ಷದಲ್ಲಿ ಒಂದು ಪಾಲಿಗಿಂತ ಕಡಿಮೆ ಇರಬೇಕು. ಏಕೆಂದರೆ ದ್ರವದಲ್ಲಿ ಕರಗಿರುವ ಲಿಥಿಯಂ ಲವಣಕ್ಕೆ ನೀರು ಸೋಕಿದರೆ ಹೈಡ್ರೊಫ್ಲೋರಿಕ್ ಆಮ್ಲ ಹುಟ್ಟುತ್ತದೆ. ಎದುರು ತುದಿಗೆ ಲಿಥಿಯಂ ಲೋಹದ ಹಾಳೆ, ನಡುವೆ ರಂಧ್ರಮಯ ಪ್ಲಾಸ್ಟಿಕ್ ಪೊರೆ, ಮೇಲೆ ಉಕ್ಕಿನ ಮುಚ್ಚಳ. ಗಡಿಯಾರದ ಬಟನ್ ಸೆಲ್ಲಿನಂತಹ ಪುಟ್ಟ ಕೋಶ ಸಿದ್ಧ.

ಒಂದು ಗ್ರಾಂ ಎಲ್‌ಎಫ್‌ಪಿ ಗರಿಷ್ಠ ಎಷ್ಟು ವಿದ್ಯುತ್ತನ್ನು ಹಿಡಿಯಬಲ್ಲದು ಎಂಬುದನ್ನು ಕಾಗದದ ಮೇಲೇ ಹೇಳಬಹುದು. ಒಂದು ಮೋಲ್ ಎಲೆಕ್ಟ್ರಾನಿನ ಆವೇಶ 26,801 ಮಿಲಿಆಂಪಿಯರ್ ಗಂಟೆ. ಎಲ್‌ಎಫ್‌ಪಿಯ ಅಣುತೂಕ 157.8. ಭಾಗಿಸಿದರೆ ಸುಮಾರು 170. ಕೋಬಾಲ್ಟ್ ಆಕ್ಸೈಡಿಗೆ ಈ ಸಂಖ್ಯೆ 274 ಆದರೂ ಅರ್ಧಕ್ಕಿಂತ ಹೆಚ್ಚು ಲಿಥಿಯಂ ತೆಗೆದರೆ ಸ್ಫಟಿಕ ಅಸ್ಥಿರವಾಗುವುದರಿಂದ ಬಹುಕಾಲ 140ರ ಆಸುಪಾಸಿಗೇ ತೃಪ್ತಿಪಡಬೇಕಾಯಿತು. ಮ್ಯಾಂಗನೀಸ್ ಆಕ್ಸೈಡಿಗೆ 148ರಲ್ಲಿ ಸುಮಾರು 120. ಎಲ್‌ಎಫ್‌ಪಿ 160 ದಾಟಿದರೆ ಪರೀಕ್ಷೆ ಉತ್ತೀರ್ಣ.

ಆದರೆ ಆ 160 ಎಂಬ ಸಂಖ್ಯೆ ಹೇಗೆ ಬಂತೆಂದು ನೋಡಿ. ಪ್ರಯೋಗಾಲಯದ ಬಿಲ್ಲೆಯ ಮೇಲೆ ಇರುವ ಪುಡಿ ನಾಲ್ಕು ಮಿಲಿಗ್ರಾಂ ಎಂದಿಟ್ಟುಕೊಳ್ಳೋಣ. ಅದರಡಿಯ 15 ಮೈಕ್ರಾನ್ ದಪ್ಪದ ಅಲ್ಯುಮಿನಿಯಂ ಹಾಳೆಯೇ ಎಂಟು ಮಿಲಿಗ್ರಾಂ ತೂಗುತ್ತದೆ. ಹಾಳೆಯ ದಪ್ಪದಲ್ಲಿ ಶೇ. 5ರಷ್ಟು ಏರುಪೇರಾದರೆ 0.4 ಮಿಲಿಗ್ರಾಂ ವ್ಯತ್ಯಾಸ. ಅದು ಪುಡಿಯ ತೂಕದ ಹತ್ತನೆಯ ಒಂದು ಪಾಲು. 150 ಇರಬೇಕಾದದ್ದು 165 ಆಗಿ ಅಚ್ಚಾಗಲು ಮೋಸ ಬೇಕಿಲ್ಲ, ತಕ್ಕಡಿಯ ಅಲಕ್ಷ್ಯ ಸಾಕು. ಹೀಗಾಗಿ ಒಂದೇ ಕೋಶದ ಫಲಿತಾಂಶವನ್ನು ನಂಬದೆ, ಒಂದೇ ಹಾಳೆಯಿಂದ ಕತ್ತರಿಸಿದ ಹಲವು ಕೋಶಗಳ ಸರಾಸರಿಯನ್ನು ಕೇಳಬೇಕು.

ವೇಗದ ಅಳತೆಗೆ 'ಸಿ' ಎಂಬ ಮಾನವಿದೆ. ಒಂದು ಗಂಟೆಯಲ್ಲಿ ಖಾಲಿ ಮಾಡಿದರೆ ಒಂದು ಸಿ, ಹತ್ತು ಗಂಟೆಯಲ್ಲಾದರೆ ಹತ್ತನೆಯ ಒಂದು ಸಿ, ಆರು ನಿಮಿಷದಲ್ಲಾದರೆ ಹತ್ತು ಸಿ. ನ್ಯಾನೊ ಪುಡಿಯ ನಿಜವಾದ ಗುಣ ತೋರುವುದು ಈ ಕೊನೆಯ ತುದಿಯಲ್ಲಿ. ಅಲ್ಲಿಯೇ ಬಳಿಯುವಿಕೆಯ ದಪ್ಪವೂ ಆಟವಾಡುತ್ತದೆ. ಒಂದು ಚದರ ಸೆಂಟಿಮೀಟರಿಗೆ ಎರಡು ಮಿಲಿಗ್ರಾಂ ಬಳಿದರೆ ಯಾವ ಪುಡಿಯೂ ಓಡೀತು. ಮಾರುಕಟ್ಟೆಯ ಕೋಶದಲ್ಲಿ ಅದರ ಹಲವು ಪಟ್ಟು ಬಳಿಯಬೇಕಾಗುತ್ತದೆ.

ಬಾಳಿಕೆಯ ಲೆಕ್ಕದಲ್ಲಿ ಇನ್ನೊಂದು ಮರೆ ಇದೆ. ಪ್ರತಿ ಸುತ್ತಿನಲ್ಲಿ ಹೋದ ಲಿಥಿಯಮ್ಮಿನಲ್ಲಿ ಶೇ. 99.9 ಮರಳಿ ಬಂದರೆ ಚೆನ್ನಾಗಿಯೇ ಇದೆ ಅನ್ನಿಸಬಹುದು. ಸಾವಿರ ಸುತ್ತಿನ ಬಳಿಕ ಉಳಿಯುವುದು ಶೇ. 37 ಮಾತ್ರ. ಶೇ. 99.99 ಆದರೆ ಶೇ. 90 ಉಳಿಯುತ್ತದೆ. ನಾಣ್ಯ ಕೋಶದಲ್ಲಿ ಎದುರಿಗೆ ಲಿಥಿಯಂ ಲೋಹವೇ ಇರುವುದರಿಂದ ಕಳೆದುಹೋದದ್ದನ್ನು ಅದು ಸದ್ದಿಲ್ಲದೆ ತುಂಬಿಕೊಡುತ್ತದೆ. ನಷ್ಟ ಕಣ್ಣಿಗೆ ಬೀಳುವುದಿಲ್ಲ. ಎದುರಿಗೆ ಗ್ರಾಫೈಟ್ ಇಟ್ಟು ಪೂರ್ಣ ಕೋಶ ಮಾಡಿದಾಗ ಮಾತ್ರ ಸತ್ಯ ಹೊರಬೀಳುತ್ತದೆ.

ಎರಡು ಜಗಳಗಳು

ಈ ಎಚ್ಚರಿಕೆಗಳು ಪುಸ್ತಕದ ಮಾತುಗಳಲ್ಲ. ಎಲ್‌ಎಫ್‌ಪಿಯ ಇತಿಹಾಸದಲ್ಲಿ ಇವೇ ದೊಡ್ಡ ವಾದಗಳಿಗೆ ಕಾರಣವಾದವು. 2002ರಲ್ಲಿ ಅಮೆರಿಕದ ಎಂಐಟಿಯ ಯೆಟ್-ಮಿಂಗ್ ಚಿಯಾಂಗ್ ಮತ್ತು ಸಂಗಡಿಗರು, ನಿಯೋಬಿಯಂನಂತಹ ಲೋಹವನ್ನು ಒಂದಿಷ್ಟು ಬೆರೆಸಿದರೆ ಎಲ್‌ಎಫ್‌ಪಿಯ ವಾಹಕತೆ ಹತ್ತು ಕೋಟಿ ಪಟ್ಟು ಏರುತ್ತದೆ ಎಂದು ಪ್ರಕಟಿಸಿದರು. ಅರ್ಮಾಂ ಬಳಗ ಮರುವರ್ಷವೇ ಅದನ್ನು ಪ್ರಶ್ನಿಸಿತು. 2004ರಲ್ಲಿ ಕೆನಡಾದ ಲಿಂಡಾ ನಝಾರ್ ತಂಡ, ಅತಿ ಬಿಸಿಯಲ್ಲಿ ಕಣಗಳ ಮೇಲೆ ಹುಟ್ಟುವ ಕಬ್ಬಿಣದ ಫಾಸ್ಫೈಡಿನ ತೆಳು ಜಾಲವೇ ವಿದ್ಯುತ್ತನ್ನು ಸಾಗಿಸುತ್ತಿರಬಹುದೆಂದು ತೋರಿಸಿತು. ಪುಡಿ ಚೆನ್ನಾಗಿದ್ದುದು ಸುಳ್ಳಲ್ಲ. ಏಕೆ ಚೆನ್ನಾಗಿತ್ತು ಎಂಬುದರ ಬಗೆಗೇ ಜಗಳ. ಚಿಯಾಂಗ್ ಸಹಸ್ಥಾಪಕರಾಗಿದ್ದ ಎ123 ಸಿಸ್ಟಮ್ಸ್ ಕಂಪನಿ ನ್ಯಾನೊ ಎಲ್‌ಎಫ್‌ಪಿ ಬ್ಯಾಟರಿಗಳನ್ನು ಮಾರುಕಟ್ಟೆಗೆ ತಂದು ಹೆಸರು ಮಾಡಿ, 2012ರಲ್ಲಿ ದಿವಾಳಿ ಅರ್ಜಿ ಹಾಕಿತು. ಅದರ ಆಸ್ತಿಯ ಬಹುಪಾಲನ್ನು ಮರುವರ್ಷ ಕೊಂಡದ್ದು ಚೀನಾದ ವಾನ್‌ಷಿಯಾಂಗ್.

ಎರಡನೆಯದು 2009ರದು. ಅದೇ ಎಂಐಟಿಯ ಬ್ಯುಂಗ್‌ವೂ ಕಾಂಗ್ ಮತ್ತು ಗೆರ್ಬ್ರಾಂಡ್ ಸೀಡರ್ ತಾವು ಮಾಡಿದ ಎಲ್‌ಎಫ್‌ಪಿ ಹತ್ತಿಪ್ಪತ್ತು ಸೆಕೆಂಡುಗಳಲ್ಲಿ ಖಾಲಿಯಾಗಬಲ್ಲದು ಎಂದು 'ನೇಚರ್' ಪತ್ರಿಕೆಯಲ್ಲಿ ಬರೆದರು. ಸೆಕೆಂಡುಗಳಲ್ಲಿ ಚಾರ್ಜ್ ಆಗುವ ಫೋನು ಬಂದೇಬಿಟ್ಟಿತು ಎಂದು ಪತ್ರಿಕೆಗಳು ಸಾರಿದವು. ಅದೇ ವರ್ಷ ಕರೀಮ್ ಝಘಿಬ್, ಗುಡ್‌ಇನಫ್ ಮೊದಲಾದವರು ಆ ಹೇಳಿಕೆಗೆ ತಕ್ಕ ಆಧಾರವಿಲ್ಲವೆಂದು ಲಿಖಿತವಾಗಿ ಆಕ್ಷೇಪಿಸಿದರು. ಅತಿ ವೇಗದ ಪರೀಕ್ಷೆಗೆ ಬಳಸಿದ ಬಿಲ್ಲೆಯಲ್ಲಿ ಎಲ್‌ಎಫ್‌ಪಿಗಿಂತ ಇಂಗಾಲವೇ ಹೆಚ್ಚಿತ್ತು: ಶೇ. 30 ಪುಡಿ, ಶೇ. 65 ಇಂಗಾಲ. ಪುಡಿಯ ಮೂಲ ಚುರುಕನ್ನು ಅರಿಯಲು ಹಾಗೆ ಪರೀಕ್ಷಿಸುವುದು ವಿಜ್ಞಾನಕ್ಕೆ ಸಲ್ಲುತ್ತದೆ. ಆದರೆ ಅಂತಹ ಬಿಲ್ಲೆಯಿಂದ ಯಾರೂ ಫೋನಿನ ಬ್ಯಾಟರಿ ಕಟ್ಟಲಾರರು. ಇಲ್ಲಿ ತಪ್ಪು ಪ್ರಬಂಧಕ್ಕಿಂತ ಹೆಚ್ಚಾಗಿ ಅದನ್ನು ವರದಿ ಮಾಡಿದವರದೆಂದು ಈ ಲೇಖಕನ ಅಭಿಪ್ರಾಯ.

ಗುಡ್‌ಇನಫ್, ವಿಟಿಂಗ್‌ಹ್ಯಾಮ್ ಮತ್ತು ಜಪಾನಿನ ಅಕಿರಾ ಯೊಶಿನೊ ಅವರಿಗೆ 2019ರಲ್ಲಿ ರಸಾಯನ ವಿಜ್ಞಾನದ ನೊಬೆಲ್ ಪ್ರಶಸ್ತಿ ಬಂತು. ಆಗ ಗುಡ್‌ಇನಫ್ ಅವರಿಗೆ 97 ವರ್ಷ. ಅವರು 2023ರ ಜೂನ್‌ನಲ್ಲಿ ತೀರಿಕೊಂಡರು.

ಪುಡಿ ಯಾರ ಕೈಯಲ್ಲಿದೆ

ಅಂತರರಾಷ್ಟ್ರೀಯ ಇಂಧನ ಸಂಸ್ಥೆಯ ಪ್ರಕಾರ 2023ರಲ್ಲಿ ಜಗತ್ತಿನ ವಿದ್ಯುತ್ ವಾಹನಗಳ ಬ್ಯಾಟರಿ ಸಾಮರ್ಥ್ಯದಲ್ಲಿ ಶೇ. 40ಕ್ಕೂ ಹೆಚ್ಚು ಪಾಲು ಎಲ್‌ಎಫ್‌ಪಿಯದೇ. ಟೆಕ್ಸಾಸಿನಲ್ಲಿ ಹುಟ್ಟಿ, ಮಾಂಟ್ರಿಯಲ್‌ನಲ್ಲಿ ಇಂಗಾಲದ ಅಂಗಿ ತೊಟ್ಟ ಈ ಪುಡಿಯ ತಯಾರಿಕೆ ಇಂದು ಬಹುತೇಕ ಚೀನಾದಲ್ಲಿದೆ. 2025ರ ಜುಲೈನಲ್ಲಿ ಚೀನಾ ಎಲ್‌ಎಫ್‌ಪಿ ಕ್ಯಾಥೋಡ್ ತಯಾರಿಕೆಯ ತಂತ್ರಜ್ಞಾನವನ್ನು ರಫ್ತು ನಿರ್ಬಂಧದ ಪಟ್ಟಿಗೆ ಸೇರಿಸಿತು. ಅಂದರೆ ಪುಡಿಯನ್ನು ಕೊಳ್ಳಬಹುದು, ಮಾಡುವ ಹದವನ್ನು ಒಯ್ಯಲು ಅನುಮತಿ ಬೇಕು.

ಭಾರತವು 2021ರಲ್ಲಿ ಬ್ಯಾಟರಿ ಕೋಶಗಳ ದೇಶೀಯ ತಯಾರಿಕೆಗೆ 18,100 ಕೋಟಿ ರೂಪಾಯಿಗಳ ಪ್ರೋತ್ಸಾಹ ಯೋಜನೆಯನ್ನು ಪ್ರಕಟಿಸಿತು. ಅದೇ ವರ್ಷ ಮಂಡ್ಯ ಜಿಲ್ಲೆಯ ಮರಳಗಾಲ-ಅಲ್ಲಾಪಟ್ಟಣ ಪ್ರದೇಶದಲ್ಲಿ ಲಿಥಿಯಂ ಸಿಕ್ಕಿದೆಯೆಂಬ ಸುದ್ದಿ ನಮ್ಮಲ್ಲಿ ದೊಡ್ಡ ಸದ್ದು ಮಾಡಿತ್ತು. ಅಣು ಖನಿಜ ನಿರ್ದೇಶನಾಲಯದ ಪ್ರಾಥಮಿಕ ಅಂದಾಜು 1,600 ಟನ್ ಮಾತ್ರ. ಅದಿರಿನ ಸುದ್ದಿಗೆ ಸಿಕ್ಕಷ್ಟು ಗಮನ ಪುಡಿಯ ಸುದ್ದಿಗೆ ಸಿಕ್ಕಿಲ್ಲ. ಅದಿರನ್ನು ಆಸ್ಟ್ರೇಲಿಯಾದಿಂದಲೋ ಚಿಲಿಯಿಂದಲೋ ತರಿಸಬಹುದು. 700 ಡಿಗ್ರಿಯ ಕುಲುಮೆಯಿಂದ ಪ್ರತಿದಿನ ಒಂದೇ ಗಾತ್ರದ, ಒಂದೇ ಅಂಗಿಯ ಕಣಗಳನ್ನು ಟನ್ನುಗಟ್ಟಲೆ ಹೊರತೆಗೆಯುವ ಕೈ ಪಳಗಲು ವರ್ಷಗಳು ಬೇಕು. ತಮಿಳುನಾಡಿನ ಕಾರೈಕುಡಿಯಲ್ಲಿರುವ ಕೇಂದ್ರೀಯ ವಿದ್ಯುತ್ ರಾಸಾಯನಿಕ ಸಂಶೋಧನಾ ಸಂಸ್ಥೆಯಲ್ಲಿ, ಬೆಂಗಳೂರಿನ ಪ್ರಯೋಗಾಲಯಗಳಲ್ಲಿ ಇಂತಹ ಪುಡಿಗಳನ್ನು ಗ್ರಾಮುಗಳ ಲೆಕ್ಕದಲ್ಲಿ ಮಾಡುವ ಕೆಲಸ ದಶಕಗಳಿಂದ ನಡೆದಿದೆ. ಒಂದು ಫೋನಿಗೆ ಬೇಕಾದದ್ದು ಮೂವತ್ತು ಗ್ರಾಮಿನ ಆಸುಪಾಸು. ಒಂದು ಕಾರಿಗೆ ನೂರು ಕಿಲೋಗ್ರಾಮಿನ ಆಸುಪಾಸು.